ಒಂದು ಗಂಟೆ ಆರಿಸಿದ ಫೋನುಗಳು

ಕಂಪನಿಗೆ ಏನೇನು ಅಪಾಯ ಬರಬಹುದು ಎಂದು ಪ್ರತಿ ವಿಭಾಗದವರೂ ಒಂದು ಹಾಳೆಯಲ್ಲಿ ಬರೆದುಕೊಡಬೇಕು ಎಂಬ ಆಜ್ಞೆ ಸೋಮವಾರ ಬೆಳಿಗ್ಗೆ ಬಂತು. ಹಾಳೆಗಳನ್ನು ಹಂಚಲು ಮೇಲಿನ ಮಹಡಿಯಿಂದ ಇಳಿದು ಬಂದವಳು ನನ್ನ ಮಗಳೇ. ಕೆಳಗೆ ನಾನು ಹದಿನಾಲ್ಕು ವರ್ಷದಿಂದ ಫೋನು ಪರೀಕ್ಷಿಸುತ್ತಿದ್ದೇನೆ; ಮೇಲೆ ಅವಳು ಎರಡು ವರ್ಷದಿಂದ ಕಾಗದಪತ್ರ ನೋಡಿಕೊಳ್ಳುತ್ತಿದ್ದಾಳೆ.

"ಕಂಪನಿ ಷೇರು ಮಾರೋಕೆ ಹೊರಟಿದೆ," ಎಂದು ಅವಳು ನಮ್ಮ ಕೋಣೆಯ ಹೆಂಗಸರಿಗೆ ವಿವರಿಸಿದಳು. "ಕೊಳ್ಳೋ ಜನಕ್ಕೆ ಅಪಾಯ ಏನೇನಿದೆ ಅಂತ ಮೊದಲೇ ಹೇಳಿಬಿಡಬೇಕು, ಕಾನೂನು. ಅದಕ್ಕೊಂದು ಪುಸ್ತಕ ಅಚ್ಚು ಹಾಕಿಸ್ತಾರೆ. ಅದರಲ್ಲಿ ಅಪಾಯಗಳದ್ದೇ ಒಂದು ಅಧ್ಯಾಯ."

"ನನ್ನ ಗಂಡನ್ನ ಬರೀಬಹುದಾ?" ಎಂದಳು ರೇಡಿಯೋ. ಬಾಯಿ ಮುಚ್ಚದವಳು ಎಂದು ನಾವೆಲ್ಲ ಅವಳಿಗೆ ಇಟ್ಟ ಹೆಸರು ಅದು.

"ಅವರು ಕಂಪನಿಗೆ ಅಪಾಯ ಅಲ್ವಲ್ಲ."

"ಮತ್ತೆ ನಾನು ದಿನಾ ಲೇಟಾಗಿ ಬರೋದು ಯಾರಿಂದ ಅಂದ್ಕೊಂಡಿದ್ದೀಯಾ?"

ಎಲ್ಲರೂ ನಕ್ಕರು. ಅಂಟು ಹಚ್ಚುವ ವಿಭಾಗದವರು ತಮ್ಮ ಹಾಳೆಯಲ್ಲಿ 'ಮಾಲೀಕರ ಅಳಿಯ' ಎಂದಷ್ಟೇ ಬರೆದು ಮಡಚಿ ಕೊಟ್ಟಿದ್ದರಂತೆ. ನಾನು ನನ್ನ ಹಾಳೆಯನ್ನು ಮಡಿಸಿ ಏಪ್ರನ್ ಜೇಬಿಗೆ ಹಾಕಿಕೊಂಡೆ. ಅಂದು ಯಾರಾದರೂ ಕೇಳಿದ್ದರೆ, ಬರೆಯುವಂಥದ್ದು ನಮ್ಮಲ್ಲಿ ಏನೂ ಇಲ್ಲ ಎನ್ನುತ್ತಿದ್ದೆ.

ನಮ್ಮದು ಬಿಸಿಕೋಣೆ. ಜೋಡಿಸಿ ಮುಗಿಸಿದ ಪ್ರತಿ ಫೋನೂ ಪೆಟ್ಟಿಗೆ ಸೇರುವ ಮುಂಚೆ ಇಲ್ಲಿನ ಬಿಸಿಗಾಳಿಯ ಬೀರುಗಳಲ್ಲಿ ಹನ್ನೆರಡು ಗಂಟೆ ಚಾರ್ಜಿಗೆ ಸಿಕ್ಕಿಸಿಕೊಂಡು ಬೇಯಬೇಕು. ಒಂದು ತಟ್ಟೆಗೆ ಅರವತ್ತು ಫೋನು. ಹೊರಗೆ ತೆಗೆದ ಮೇಲೆ ಒಂದೊಂದನ್ನೂ ಕಿಂಡಿಯಲ್ಲಿ ಇಳಿಸಿ ನೋಡುತ್ತೇವೆ. ಕಿಂಡಿ ಎಂದರೆ ದಪ್ಪ ಉಕ್ಕಿನ ಹಲಗೆಯಲ್ಲಿ ಕೊರೆದ ಉದ್ದನೆಯ ಸೀಳು. ಫೋನಿನ ದಪ್ಪಕ್ಕಿಂತ ಕೂದಲೆಳೆಯಷ್ಟೇ ಹೆಚ್ಚು ಅಗಲ. ಬೆರಳು ಬಿಟ್ಟ ಕೂಡಲೇ ಫೋನು ತನ್ನಷ್ಟಕ್ಕೆ ಜಾರಿ ಕೆಳಗಿನ ಮೆತ್ತೆಗೆ ಬಿದ್ದರೆ ಪಾಸು. ಸಿಕ್ಕಿಕೊಂಡರೆ ಒಳಗಿನ ಬ್ಯಾಟರಿ ಉಬ್ಬಿದೆ ಎಂದರ್ಥ. ಅದು ಕೆಂಪು ಡಬ್ಬಿಗೆ. ಒತ್ತಬಾರದು, ಅಲುಗಿಸಬಾರದು. ತಟ್ಟೆ ಮುಗಿದಾಗ ಚೀಟಿಯ ಮೇಲೆ ನನ್ನ ಸಹಿ. ಆ ಸಹಿ ಇಲ್ಲದೆ ಒಂದು ತಟ್ಟೆಯೂ ಉಗ್ರಾಣದ ಬಾಗಿಲು ದಾಟುವುದಿಲ್ಲ.

ಕೈಗವಸು ಹಾಕಿದರೆ ಬೆರಳಿಗೆ ಫೋನಿನ ಜಾರು ತಿಳಿಯುವುದಿಲ್ಲ ಎಂದು ಬರಿಗೈಯಲ್ಲೇ ಕೆಲಸ. ಬಿಸಿ ಫೋನುಗಳನ್ನು ಹಿಡಿದು ಹಿಡಿದು ಹುಡುಗಿಯರ ಬೆರಳ ತುದಿಗಳು ಬೊಕ್ಕೆ ಎದ್ದಿದ್ದವು. ಒಬ್ಬಳಿಗೆ ಮನೆಗೆ ಹೋಗಿ ತನ್ನ ಮಗುವಿನ ಅಂಗಿಯ ಗುಂಡಿ ಹಾಕಲು ಆಗುತ್ತಿರಲಿಲ್ಲ. ನೋಡಿ ನೋಡಿ ನನಗೆ ತಡೆಯಲಾಗಲಿಲ್ಲ. ನಾಲ್ಕು ತಿಂಗಳ ಹಿಂದೆ ಮ್ಯಾನೇಜರಿಗೆ ಒಂದು ಪತ್ರ ಬರೆದೆ: ಬೀರುವಿನಿಂದ ತೆಗೆದ ತಟ್ಟೆಗಳನ್ನು ಒಂದು ಗಂಟೆ ಆರಿಸಿ, ಆಮೇಲೆ ಕಿಂಡಿಗೆ ಹಾಕಲು ಅನುಮತಿ ಕೊಡಿ.

ಒಂದು ಬಲ್ಬು ಬದಲಾಯಿಸಲು ಮೂರು ತಿಂಗಳು ಓಡಾಡಿಸುವ ಆ ಮನುಷ್ಯ ಎರಡೇ ದಿನದಲ್ಲಿ ಒಪ್ಪಿಗೆ ಕೊಟ್ಟ. ನಾನು ಎಷ್ಟು ಹಿಗ್ಗಿದ್ದೆ ಎಂದರೆ, ಅವನಿಗೂ ಮನೆಯಲ್ಲಿ ಹೆಣ್ಣುಮಕ್ಕಳಿದ್ದಾರೆ, ಸಂಕಟ ಅರ್ಥವಾಗುತ್ತದೆ ಎಂದು ಎಲ್ಲರ ಮುಂದೆ ಹೊಗಳಿದ್ದೆ. ಬೆರಳುಗಳು ಮಾಗಿದವು. ಕೆಂಪು ಡಬ್ಬಿಯೂ ಖಾಲಿಯಾಯಿತು. ದಿನಕ್ಕೆ ಎಪ್ಪತ್ತು ಎಂಬತ್ತು ಬೀಳುತ್ತಿದ್ದದ್ದು ಒಂದೋ ಎರಡೋ ಆಯಿತು. ನಿಮ್ಮ ಕೋಣೆ ಎಲ್ಲರಿಗೂ ಮಾದರಿ ಎಂದು ಮ್ಯಾನೇಜರು ಭಾಷಣ ಮಾಡಿದ. ನಾವು ಮಾಗಿದ ಕೈಗಳಿಂದ ಚಪ್ಪಾಳೆ ತಟ್ಟಿದೆವು.

ಮಂಗಳವಾರ ಕೆಲಸ ಬಿಟ್ಟು ಬರುವಾಗ ನನ್ನ ತಮ್ಮನ ಅಂಗಡಿಗೆ ಹೋದೆ. ಬಸ್ ನಿಲ್ದಾಣದ ಪಕ್ಕದಲ್ಲಿ, ಎರಡು ಅಂಗಡಿಗಳ ನಡುವಿನ ಸಂದಿಯಲ್ಲಿ ಒಂದು ಮೇಜು ಹಾಕಿಕೊಂಡು ಅವನು ಫೋನು ರಿಪೇರಿ ಮಾಡುತ್ತಾನೆ.

"ಬಾ ಅಕ್ಕ. ನಿನ್ನ ಮಕ್ಕಳು ಬಂದಿದ್ದಾರೆ ನೋಡು," ಎಂದು ಡ್ರಾಯರು ಎಳೆದ.

ಒಳಗೆ ಐದು ಫೋನು. ಐದೂ ನಮ್ಮವು. ಬೆನ್ನು ಉಬ್ಬಿ, ಗಾಜು ಅಂಚಿನಲ್ಲಿ ಬಾಯಿ ಬಿಟ್ಟಿತ್ತು.

"ಎಲ್ಲಾ ಈ ಮೂರು ವಾರದಲ್ಲಿ ಬಂದಿದ್ದು," ಎಂದ. "ಆಮೇಲೆ ಇದು." ಬೇರೆಯದೊಂದು ಪೊಟ್ಟಣ ಬಿಚ್ಚಿದ. ಅದರಲ್ಲಿದ್ದದ್ದು ಕಪ್ಪಾಗಿ ಮುರುಟಿದ ಆರನೆಯ ಫೋನು. "ಮಗು ಮಲಗಲಿ ಅಂತ ಹಾಡು ಹಾಕಿ ಪಕ್ಕದಲ್ಲಿ ಇಟ್ಟಿದ್ದಾಳೆ ಅದರ ತಾಯಿ. ಹತ್ತು ತಿಂಗಳ ಮಗು, ಕೈ ಹಾಕಿದೆ. ಆಸ್ಪತ್ರೆಗೆ ಸೇರಿಸಿ ಎಂಟು ದಿನ ಆಯ್ತು. ಅಂಗೈಯ ಚರ್ಮ ಪೂರ್ತಿ ಹೋಗಿದೆಯಂತೆ. ಆಕೆ ಬಂದು ನನ್ನ ಕೇಳ್ತಾಳೆ, ಇದರೊಳಗಿರೋ ಮಗು ಫೋಟೋ ತೆಗೆದುಕೊಡ್ತೀರಾ ಅಂತ. ನನಗೆ ಅಳಬೇಕೋ ಬೈಬೇಕೋ ಗೊತ್ತಾಗಲಿಲ್ಲ."

ನಾನು ಆ ಫೋನಿನ ಹಿಂದಿನ ನಂಬರು ನೋಡಿದೆ. ಎರಡು ತಿಂಗಳ ಹಿಂದಿನದು. ನನ್ನ ಸಹಿಯ ಮೇಲೆ ಹೊರಗೆ ಹೋದದ್ದು.

"ನೀವೆಲ್ಲಾ ಅಲ್ಲಿ ಪರೀಕ್ಷೆ ಮಾಡ್ತೀರೋ, ಕೂತು ಕತೆ ಹೇಳ್ತೀರೋ?" ಎಂದು ತಮ್ಮ ಕೇಳಿದ. ತಮಾಷೆಗೆ ಕೇಳಿದ್ದಲ್ಲ ಅದು.

ರಾತ್ರಿಯೆಲ್ಲ ಆ ಪ್ರಶ್ನೆ ಎದೆಯಲ್ಲಿ ಕೂತಿತ್ತು. ಬುಧವಾರ ಬೆಳಿಗ್ಗೆ ಮೊದಲ ತಟ್ಟೆ ಹೊರಗೆ ಬಂದ ಕೂಡಲೇ ನಾನು ಆರಿಸಲು ಬಿಡಲಿಲ್ಲ. ಬಿಸಿಬಿಸಿಯಾಗಿಯೇ ಒಂದೊಂದನ್ನೂ ಕಿಂಡಿಗೆ ಇಳಿಸಿದೆ. ರೇಡಿಯೋ ಪಕ್ಕದಲ್ಲಿ ನಿಂತು ಎಣಿಸಿದಳು. ಅರವತ್ತರಲ್ಲಿ ಹನ್ನೊಂದು ಸಿಕ್ಕಿಕೊಂಡವು. ಆ ಹನ್ನೊಂದನ್ನೂ ಬೇರೆಯಾಗಿ ಬಟ್ಟೆಯ ಮೇಲೆ ಸಾಲಾಗಿ ಇಟ್ಟು, ಒಂದು ಗಂಟೆ ಆದ ಮೇಲೆ ಮತ್ತೆ ಇಳಿಸಿದೆ. ಹನ್ನೊಂದೂ ಜಾರಿ ಮೆತ್ತೆಗೆ ಬಿದ್ದವು. ಟಪ್, ಟಪ್, ಟಪ್ ಎಂದು, ಒಂದರ ಹಿಂದೆ ಒಂದು, ಬಹಳ ಒಳ್ಳೆಯ ಮಕ್ಕಳ ಹಾಗೆ.

ಬಿಸಿಯಲ್ಲಿ ಉಬ್ಬಿದ್ದು ಆರಿದ ಮೇಲೆ ಇಳಿಯುತ್ತದೆ. ಒಲೆಯ ಮುಂದೆ ನಿಂತ ಯಾರಿಗಾದರೂ ಗೊತ್ತಿರುವ ಮಾತು. ಹದಿನಾಲ್ಕು ವರ್ಷ ಈ ಕೆಲಸ ಮಾಡಿದ ನನಗೆ ಹೊಳೆಯಲಿಲ್ಲ. ಬೆರಳಿಗೆ ಮುಲಾಮು ಹಚ್ಚುವ ಅವಸರದಲ್ಲಿ ನಾನು ಕಳ್ಳನಿಗೆ ಬಾಗಿಲು ತೆಗೆದುಕೊಟ್ಟಿದ್ದೆ.

ರೇಡಿಯೋ ಆ ಹನ್ನೊಂದನ್ನೂ ಮೆತ್ತೆಯಿಂದ ಎತ್ತಿ ಕೆಂಪು ಡಬ್ಬಿಗೆ ಹಾಕಿದಳು. ಕೊನೆಗೆ, "ಅವನಿಗೆ ಗೊತ್ತಿತ್ತು ಅಕ್ಕ," ಎಂದಳು. "ಎರಡು ದಿನದಲ್ಲಿ ಒಪ್ಪಿಗೆ ಕೊಟ್ನಲ್ಲ. ಅವನಿಗೆ ಗೊತ್ತಿತ್ತು."

ನಾನು ಏಪ್ರನ್ ಜೇಬಿನಿಂದ ಹಾಳೆ ತೆಗೆದು ಅಲ್ಲೇ ನಿಂತು ಬರೆದೆ. ಬಿಸಿಯಲ್ಲಿ ಎಷ್ಟು ಸಿಕ್ಕಿಕೊಂಡವು, ಆರಿದ ಮೇಲೆ ಎಷ್ಟು ಬಿದ್ದವು, ಯಾವ ತಟ್ಟೆ, ಯಾವ ಹೊತ್ತು. ನಾಲ್ಕು ತಿಂಗಳಲ್ಲಿ ಹೊರಗೆ ಹೋದ ಫೋನುಗಳನ್ನೆಲ್ಲ ನಂಬಲು ಬರುವುದಿಲ್ಲ ಎಂದು. ಒಂದು ಮಗುವಿನ ಕೈ ಸುಟ್ಟಿದೆ, ಆ ಫೋನಿನ ನಂಬರು ಇಂಥದ್ದು ಎಂದು. ಉಗ್ರಾಣದಲ್ಲಿರುವ ಎಂಬತ್ತನಾಲ್ಕು ತಟ್ಟೆ ಮಾಲು ಶುಕ್ರವಾರ ಲಾರಿ ಹತ್ತಬಾರದು ಎಂದು.

ಹಾಳೆಯನ್ನು ಮಗಳ ಕೈಗೆ ಮನೆಯಲ್ಲೇ ಕೊಟ್ಟೆ. ಬಟ್ಟೆ ಮಡಿಸುತ್ತಿದ್ದವಳು ಓದುತ್ತಾ ಓದುತ್ತಾ ಹಾಸಿಗೆಯ ಮೇಲೆ ಕೂತಳು.

"ಅಮ್ಮಾ, ಇದನ್ನ ಹೀಗೆ ಬರೆಯೋಕಾಗಲ್ಲ."

"ಅಪಾಯ ಬರೀರಿ ಅಂದ್ರಿ. ಬರೆದಿದ್ದೀನಿ."

"ಎಲ್ಲರೂ ಒಂದೊಂದು ಸಾಲು ಬರೆದಿದ್ದಾರೆ. ಪೈಪೋಟಿ ಕಂಪನಿಗಳು ಕಡಿಮೆ ಬೆಲೆಗೆ ಕೊಡಬಹುದು. ಚಿಪ್ ಬರೋದು ನಿಲ್ಲಬಹುದು. ಜನಕ್ಕೆ ನಮ್ಮ ಫೋನು ಬೇಜಾರಾಗಬಹುದು. ಅಂಥದ್ದು. ನೀನು ಪೊಲೀಸ್ ಠಾಣೆಗೆ ಕೊಡೋ ಥರ ಬರೆದಿದ್ದೀಯ."

"ನಿನಗೆ ಅರ್ಥ ಆಯ್ತೋ ಇಲ್ವೋ, ಅದು ಹೇಳು."

"ಅರ್ಥ ಆಗಿದೆ. ಅದಕ್ಕೇ ಹೆದರಿಕೆ ಆಗ್ತಿರೋದು. ಪತ್ರ ಬರೆದಿದ್ದು ನೀನು. ತಟ್ಟೆಗೆ ಸಹಿ ನಿಂದು. ಇದು ಮೇಲೆ ಹೋದ್ರೆ ಗೂಬೆ ಯಾರ ತಲೆ ಮೇಲೆ ಕೂತ್ಕೊಳ್ಳತ್ತೆ ಅಂತ ಯೋಚನೆ ಮಾಡಿದ್ದೀಯಾ?"

"ಆ ಮಗುಗೆ ಹತ್ತು ತಿಂಗಳು," ಎಂದೆ. "ನೀನು ಆ ವಯಸ್ಸಲ್ಲಿ ಕಂಡಿದ್ದಕ್ಕೆಲ್ಲ ಕೈ ಹಾಕ್ತಿದ್ದೆ."

ಅವಳು ಮುಖ ತಿರುಗಿಸಿಕೊಂಡು ಅರ್ಧ ಮಡಿಸಿದ ಬಟ್ಟೆಯನ್ನು ಮತ್ತೆ ಬಿಚ್ಚಿ ಮಡಿಸಿದಳು. ಬೆಳಿಗ್ಗೆ ನಾನು ಏಳುವಷ್ಟರಲ್ಲಿ ಅವಳು ಹೊರಟುಹೋಗಿದ್ದಳು. ಹಾಳೆಯನ್ನೂ ತೆಗೆದುಕೊಂಡು ಹೋಗಿದ್ದಳು.

ಗುರುವಾರ ಸಂಜೆ ಅವಳು ಅಚ್ಚಾದ ಒಂದು ಪುಟ ತಂದು ನನ್ನ ಮುಂದಿಟ್ಟಳು. ಕಂಪನಿಯ ವಕೀಲ ಎಲ್ಲ ಹಾಳೆಗಳನ್ನೂ ಒಟ್ಟುಗೂಡಿಸಿ ತಯಾರಿಸಿದ ಅಪಾಯಗಳ ಅಧ್ಯಾಯ. ಪೈಪೋಟಿ, ಚಿಪ್, ವಿನಿಮಯ ದರ, ಫ್ಯಾಷನ್ನು ಎಲ್ಲ ದಾಟಿ, ಹತ್ತೊಂಬತ್ತನೆಯ ಕಲಮಿನಲ್ಲಿ ಇತ್ತು:

'ನಮ್ಮ ಉತ್ಪನ್ನಗಳಲ್ಲಿ ದೋಷಗಳು ಕಂಡುಬರಬಹುದು ಅಥವಾ ಕಂಡುಬರದಿರಬಹುದು. ಕೆಳಹಂತದ ಸಿಬ್ಬಂದಿಯ ನಿರ್ಲಕ್ಷ್ಯದಿಂದ ಪರೀಕ್ಷೆಯಲ್ಲಿ ಲೋಪಗಳು ಸಂಭವಿಸಿದಲ್ಲಿ ಅದು ನಮ್ಮ ಹೆಸರಿಗೆ ಧಕ್ಕೆ ತರಬಹುದು.'

ಎರಡು ಸಲ ಓದಿದೆ. ಮಗು ಎಲ್ಲೂ ಇರಲಿಲ್ಲ. ಧಕ್ಕೆ ಹೆಸರಿಗೆ. ನಾನು ಕೋಪಿಸಿಕೊಳ್ಳುವವಳಲ್ಲ, ಮನೆಯಲ್ಲಿ ಹಾಲು ಉಕ್ಕಿದರೂ ಒರೆಸಿಕೊಂಡು ಸುಮ್ಮನಾಗುತ್ತೇನೆ, ಮಗಳು ಬಾಗಿಲು ಬಡಿದುಕೊಂಡು ಹೋದರೆ ಊಟ ಮುಚ್ಚಿಟ್ಟು ಕಾಯುತ್ತೇನೆ. ಆ ಪುಟವನ್ನು ಮಾತ್ರ ಮುಷ್ಟಿಯಲ್ಲಿ ಮುದುರಿದೆ.

"ಇದನ್ನ ಟೈಪ್ ಮಾಡಿದ್ದು ಯಾರು?" ಎಂದು ಕೇಳಿದೆ.

"ನಾನೇ," ಎಂದಳು. "ಅವರು ಹೇಳಿದ್ರು, ನಾನು ಮಾಡಿದೆ. ಬೈಯೋದಿದ್ರೆ ಬೈದುಬಿಡು."

ಬೈಯಲಿಲ್ಲ. ಬೈದಿದ್ದರೆ ಅವಳಿಗೆ ಹಗುರಾಗುತ್ತಿತ್ತು.

ಶುಕ್ರವಾರ ಬೆಳಿಗ್ಗೆ ಮೇಲಿನ ಮಹಡಿಗೆ ಹೋದೆ. ಮ್ಯಾನೇಜರ ಕೋಣೆಯಲ್ಲಿ ವಕೀಲನೂ ಇದ್ದ. ತೆಳ್ಳಗೆ, ಶುಭ್ರವಾಗಿ, ಇಸ್ತ್ರಿಯ ಗೆರೆ ಮುರಿಯದ ಅಂಗಿಯಲ್ಲಿ ಕೂತಿದ್ದ. ನನ್ನನ್ನು ಕೂರಲು ಹೇಳಿ, ಚಹಾ ತರಿಸಲೇ ಎಂದು ಕೇಳಿದ. ಬೇಡ ಎಂದೆ.

"ನಾನು ಬರೆದಿದ್ದು ಬೇರೆ, ನೀವು ಅಚ್ಚು ಹಾಕಿಸಿರೋದು ಬೇರೆ," ಎಂದೆ.

"ನೋಡಿ ಅಮ್ಮ," ಎಂದ ವಕೀಲ, ಮಗುವಿಗೆ ಪಾಠ ಹೇಳುವ ದನಿಯಲ್ಲಿ. "ಅಪಾಯ ಅಂದ್ರೆ ಮುಂದೆ ಬರಬಹುದಾದದ್ದು. ಆಗಿಹೋಗಿದ್ದನ್ನ ಬರೆದ್ರೆ ಅದು ಅಪಾಯ ಅಲ್ಲ, ತಪ್ಪೊಪ್ಪಿಗೆ. ಪುಸ್ತಕದಲ್ಲಿ ಆ ಅಧ್ಯಾಯ ಇಲ್ಲ."

"ಒಂದು ಮಗು ಆಸ್ಪತ್ರೆಯಲ್ಲಿದೆ."

"ಪಾಪ. ಆದ್ರೆ ಚಾರ್ಜರು ಯಾವುದು ಹಾಕಿದ್ರೋ, ಎಲ್ಲಿ ಇಟ್ಟಿದ್ರೋ, ನಮಗೇನು ಗೊತ್ತು?"

"ಹನ್ನೊಂದು ಫೋನಿಗೆ ಯಾವ ತಾಯಿ ಚಾರ್ಜರು ಹಾಕಿದ್ಳು? ನಾನೇ ಹಾಕಿದ್ದು, ನಿಮ್ಮ ಬೀರುವಿನಲ್ಲಿ."

ಅಲ್ಲಿಯವರೆಗೆ ಕಿಟಕಿಯ ಹೊರಗೆ ನೋಡುತ್ತಿದ್ದ ಮ್ಯಾನೇಜರು ಡ್ರಾಯರಿನಿಂದ ಒಂದು ಕಾಗದ ತೆಗೆದು ಮೇಜಿನ ಮೇಲೆ ಇಟ್ಟ. ನನ್ನದೇ ಅಕ್ಷರ. ಬೆರಳುಗಳ ಬಗ್ಗೆ ನಾನು ಬರೆದಿದ್ದ ಪತ್ರ.

"ಆರಿಸಬೇಕು ಅಂತ ಕೇಳಿದ್ದು ಯಾರು?" ಎಂದ. "ನಾನು ಕೇಳಿದ್ನಾ? ನೀವು ಅತ್ತುಕೊಂಡು ಬಂದ್ರಿ. ಪಾಪ ಅಂತ ಒಪ್ಪಿದೆ. ಈಗ ನನ್ನ ತಲೆ ಮೇಲೆ ಹತ್ತೋಕೆ ಬಂದಿದ್ದೀರಾ?"

"ಆರಿದ್ರೆ ಉಬ್ಬು ಇಳಿಯತ್ತೆ ಅಂತ ನಿಮಗೆ ಗೊತ್ತಿತ್ತು."

"ಹದಿನಾಲ್ಕು ವರ್ಷ ಕಿಂಡಿ ಮುಂದೆ ಕೂತಿದ್ದು ನೀವು. ನಿಮಗೇ ಗೊತ್ತಾಗಲಿಲ್ಲ ಅಂತೀರಿ, ನನಗೆ ಹೇಗೆ ಗೊತ್ತಾಗತ್ತೆ?"

ಅವನು ಒಳಗೊಳಗೇ ನಕ್ಕ. ಷೇರು ಮಾರುವವರೆಗೆ ಒಂದು ವಾರದ ಮಾಲೂ ನಿಲ್ಲುವಂತಿಲ್ಲ, ನಾಲ್ಕು ಗಂಟೆಗೆ ಲಾರಿ ಬರುತ್ತದೆ, ಹೋಗಿ ಕೆಲಸ ನೋಡಿಕೊಳ್ಳಿ ಎಂದ. ಬಾಗಿಲ ಬಳಿ ತನ್ನ ಮೇಜಿನ ಮುಂದೆ ಕೂತಿದ್ದ ಮಗಳು ತಲೆ ಎತ್ತಲಿಲ್ಲ. ಅವಳ ಕಿವಿ ಕೆಂಪಾಗಿತ್ತು.

ಮೆಟ್ಟಿಲು ಇಳಿದು ನೇರ ಉಗ್ರಾಣಕ್ಕೆ ಹೋದೆ. ಉಗ್ರಾಣ ನೋಡಿಕೊಳ್ಳುವವರು ನಿವೃತ್ತಿಗೆ ಹತ್ತಿರ ಬಂದ ಮನುಷ್ಯ. ನಿಯಮಗಳ ಪುಸ್ತಕವನ್ನು ಕಂಠಪಾಠ ಮಾಡಿಕೊಂಡವರು ಎಂದು ಎಲ್ಲರೂ ಗೇಲಿ ಮಾಡುತ್ತಾರೆ.

"ಮಾಮಾ, ಕೊಟ್ಟ ಸಹಿನ ವಾಪಸ್ ತಗೊಳ್ಳೋಕೆ ಬರತ್ತಾ?"

ಅವರು ಕನ್ನಡಕದ ಮೇಲಿನಿಂದ ನೋಡಿದರು. "ಬರತ್ತೆ. ಹಿಂಪಡೆ ಚೀಟಿ ಅಂತ ಇದೆ. ಒಂದು ತಟ್ಟೆಗೆ ಒಂದು ಚೀಟಿ. ಯಾಕೆ ಕೇಳ್ತೀಯಮ್ಮ?"

ಹೇಳಿದೆ.

"ಕಾರಣದ ಕಾಲಮ್ಮಲ್ಲಿ ಕಂಪನಿ ಲೋಪ ಅಂತ ಬರೆದ್ರೆ ಅದು ಮೇಲಿನ ಕಮಿಟಿಗೆ ಹೋಗತ್ತೆ," ಎಂದರು. "ಕಮಿಟಿ ಕೂರೋದು ತಿಂಗಳಿಗೊಂದ್ಸಲ. ಅಷ್ಟರಲ್ಲಿ ಮಾಲು ಊರು ಸೇರಿರತ್ತೆ. 'ಸಹಿದಾರರ ಸ್ವಂತ ತಪ್ಪು' ಅಂತ ಬರೆದ್ರೆ ಮಾತ್ರ ಯಾರನ್ನೂ ಕೇಳದೆ ನಾನೇ ತಡೆಹಿಡೀಬಹುದು. ಆದ್ರೆ ಮೂರು ಚೀಟಿ ಆದ್ರೆ ಸಹಿದಾರರನ್ನ ಮನೆಗೆ ಕಳಿಸ್ತಾರೆ. ಅದೂ ನಿಯಮಾನೇ."

"ಚೀಟಿ ಪುಸ್ತಕ ಕೊಡಿ."

"ಎಂಬತ್ತನಾಲ್ಕು ತಟ್ಟೆ ಇದೆ."

"ಗೊತ್ತು ಮಾಮಾ. ಕೊಡಿ."

ಉಗ್ರಾಣದ ಬಾಗಿಲ ಬಳಿ ಒಂದು ಖಾಲಿ ಪೆಟ್ಟಿಗೆ ಬೋರಲು ಹಾಕಿಕೊಂಡು ಕೂತೆ. ತಟ್ಟೆಯ ನಂಬರು, ತಾರೀಕು, ಕಾರಣ, ಸಹಿ. ನನ್ನ ಸ್ವಂತ ತಪ್ಪು. ನನ್ನ ಸ್ವಂತ ತಪ್ಪು. ಪೂರ್ತಿ ಸುಳ್ಳಾಗಿದ್ದರೆ ಬರೆಯುವುದು ಸುಲಭವಿತ್ತು. ಅರ್ಧ ನಿಜ ಎಂಬುದೇ ನೆತ್ತಿ ಉರಿಸುತ್ತಿತ್ತು. ಉಳಿದ ಅರ್ಧ ತಂಪು ಕೋಣೆಯಲ್ಲಿ ಚಹಾ ಕುಡಿಯುತ್ತಿತ್ತು. ಪೆನ್ನು ಒತ್ತಿದ ರಭಸಕ್ಕೆ ಹನ್ನೆರಡನೆಯ ಚೀಟಿ ಹರಿಯಿತು. ಅದನ್ನು ಮತ್ತೆ ಬರೆದೆ.

ಇಪ್ಪತ್ತನೆಯ ಚೀಟಿಯ ಹೊತ್ತಿಗೆ ಮಗಳು ಬಂದು ನಿಂತಳು. ಸುದ್ದಿ ರೇಡಿಯೋದಿಂದ ಹೋಗಿರಬೇಕು.

"ಏಳು ಅಮ್ಮ. ಇದನ್ನೇ ಅಲ್ವಾ ಅವರು ಬಯಸ್ತಿರೋದು? ಹತ್ತೊಂಬತ್ತನೇ ಕಲಮಿಗೆ ನೀನೇ ಸಾಕ್ಷಿ ಬರೆದುಕೊಡ್ತಿದ್ದೀಯ."

"ಲಾರಿ ನಾಲ್ಕು ಗಂಟೆಗೆ ಬರತ್ತೆ."

"ನಿನ್ನ ಕೆಲಸ ಹೋಗತ್ತೆ."

"ಹೋಗಲಿ. ನಂಬರು ಬರೆಯೋಕೆ ತಡ ಆಗ್ತಿದೆ. ಬರೆದುಕೊಡೋದಾದ್ರೆ ಕೂತ್ಕೋ, ಇಲ್ದಿದ್ರೆ ಬೆಳಕು ಬಿಡು."

ಅವಳು ಹಲ್ಲು ಕಚ್ಚಿಕೊಂಡು ನಿಂತಿದ್ದಳು. ಆಮೇಲೆ ಧೊಪ್ಪನೆ ನೆಲದ ಮೇಲೆ ಕೂತು ಪುಸ್ತಕವನ್ನು ಎಳೆದುಕೊಂಡಳು. "ನಂಬರು, ತಾರೀಕು ನಾನು ಬರೀತೀನಿ," ಎಂದಳು. "ಕಾರಣ ಬರೆಯಲ್ಲ. ಅದನ್ನ ನನ್ನ ಕೈಲಿ ಬರೆಸಬೇಡ."

ಹಾಗೆಯೇ ಬರೆದೆವು. ಬಿಸಿಕೋಣೆಯ ಹೆಂಗಸರು ಒಬ್ಬೊಬ್ಬರಾಗಿ ಬಂದು ಬಾಗಿಲಲ್ಲಿ ನಿಂತರು. "ನನ್ನ ಹೆಸರೂ ಹಾಕೇ, ಇಳಿಸಿದ್ದು ನಾನೂ ಅಲ್ವಾ?" ಎಂದು ರೇಡಿಯೋ ಅತ್ತಳು. ಚೀಟಿಯಲ್ಲಿ ಅದಕ್ಕೆ ಜಾಗವಿರಲಿಲ್ಲ.

ಮೂರೂವರೆಗೆ ಮ್ಯಾನೇಜರು ಓಡೋಡಿ ಬಂದ, ಹಿಂದೆಯೇ ವಕೀಲ. ಮ್ಯಾನೇಜರು ಚೀಟಿಗಳನ್ನು ಕಿತ್ತುಕೊಳ್ಳಲು ಬಗ್ಗಿದ. ವಕೀಲ ಅವನ ತೋಳು ಹಿಡಿದು ತಡೆದು, ಮೇಲಿನದೊಂದು ಚೀಟಿಯನ್ನು ಓದಿದ. ಕಾರಣದ ಕಾಲಮ್ಮು ಓದುತ್ತಿದ್ದ ಹಾಗೆ ಮುಖ ಅರಳಿತು.

"ಬರೀಲಿ ಬಿಡಿ," ಎಂದು ಮ್ಯಾನೇಜರಿಗೆ ಹೇಳಿದ. "ಒಂದು ವಾರದ ಮಾಲು ಹೋದ್ರೆ ಹೋಗಲಿ. ಇಂಥ ಕಾಗದ ಕೇಳಿದ್ರೂ ಸಿಗಲ್ಲ." ನನ್ನ ಕಡೆ ತಿರುಗಿ, "ತಪ್ಪು ಒಪ್ಪಿಕೊಳ್ಳೋಕೂ ದೊಡ್ಡ ಮನಸ್ಸು ಬೇಕು ಅಮ್ಮ," ಎಂದ. ಕಿಸೆಯಿಂದ ಒಳ್ಳೆಯ ಪೆನ್ನು ತೆಗೆದು, ಪುಸ್ತಕದ ರಟ್ಟಿನ ಒಳಭಾಗದಲ್ಲಿ, ಸಹಿದಾರರ ಕಾರಣವನ್ನು ಕಂಪನಿ ಸ್ವೀಕರಿಸಿದೆ ಎಂದು ಬರೆದು ತನ್ನ ಸಹಿ ಹಾಕಿದ. ಮ್ಯಾನೇಜರಿಂದಲೂ ಹಾಕಿಸಿದ.

ಅವನ ಮುಖಕ್ಕೆ ಉಗುಳಬೇಕು ಅನ್ನಿಸಿತು. ಉಗುಳು ನುಂಗಿಕೊಂಡು ಅರವತ್ತೊಂಬತ್ತನೆಯ ಚೀಟಿ ಬರೆದೆ.

ಆಗ ಮಗಳು ಎದ್ದು ನಿಂತಳು. ಅವಳ ದನಿ ಮೆತ್ತಗಿತ್ತು. ಕಚೇರಿಯಲ್ಲಿ ಫೋನು ಎತ್ತುವಾಗ ಇರುವಂಥ ದನಿ.

"ಸಾರ್, ಕಂಪನಿ ಒಪ್ಪಿದ ಹಾಗಾಯ್ತಲ್ಲ?"

"ಒಪ್ಪಿದ್ದೀವಲ್ಲಮ್ಮ. ಸಹಿ ಹಾಕಿದ್ದೀವಿ."

"ಅಮ್ಮ ಇದೇ ತಪ್ಪನ್ನ ನಾಲ್ಕು ತಿಂಗಳಿಂದ ಮಾಡಿದ್ದಾರೆ ಸಾರ್. ಸಾವಿರದ ಮುನ್ನೂರ ಹದಿನಾರು ತಟ್ಟೆ. ಎಲ್ಲಾ ನಂಬರೂ ಮೇಲೆ ನನ್ನ ಕಪಾಟಿನಲ್ಲಿದೆ." ಉಗ್ರಾಣದವರ ಕಡೆ ತಿರುಗಿದಳು. "ಮಾಮಾ, ಹೊರಗೆ ಹೋದ ಮಾಲಿಗೆ ಹಿಂಪಡೆ ಚೀಟಿ ಬಂದ್ರೆ ಏನು ಮಾಡ್ತೀರಿ?"

ಅವರು ಕನ್ನಡಕ ತೆಗೆದು ಒರೆಸಿ ಮತ್ತೆ ಹಾಕಿಕೊಂಡರು. "ಅದೇ ದಿನ ಎಲ್ಲಾ ಅಂಗಡಿಗೂ ಪತ್ರ ಹಾಕಬೇಕು. ಮಾರಿದ್ದಿದ್ರೆ ಕೊಂಡವರಿಂದ ವಾಪಸ್ ತರಿಸಬೇಕು. ನಿಯಮ ನಲವತ್ತೇಳು."

ವಕೀಲನ ಮುಖ ಹಾಗೆಯೇ ಇತ್ತು, ನಗು ಮಾತ್ರ ಇರಲಿಲ್ಲ. ಅವನು ರಟ್ಟಿನ ಕಡೆ ಕೈ ಚಾಚಿದ. ಉಗ್ರಾಣದವರು ಪುಸ್ತಕವನ್ನು ತಮ್ಮ ಎದೆಗೆ ಅವಚಿಕೊಂಡರು. ಬಾಗಿಲಲ್ಲಿದ್ದ ಹೆಂಗಸರು ಒಂದು ಹೆಜ್ಜೆ ಒಳಗೆ ಬಂದರು.

"ಹಳೇ ನಂಬರು ತರ್ತೀನಿ," ಎಂದು ಮಗಳು ನನಗೆ ಹೇಳಿದಳು. "ಇನ್ನೂ ಪುಸ್ತಕ ಬೇಕಾಗತ್ತೆ. ನಿನ್ನ ಕೈ ಸೋತಿದೆಯಾ?"

"ಇಲ್ಲ," ಎಂದೆ. "ಮೊದಲು ಆ ಮಗು ಮನೇಲಿದ್ದ ಫೋನಿನ ತಟ್ಟೆ ನಂಬರು ತಗೊಂಡು ಬಾ."

ಅವಳು ಮೆಟ್ಟಿಲುಗಳನ್ನು ಎರಡೆರಡಾಗಿ ಹತ್ತಿಕೊಂಡು ಹೋದಳು. ಹೊರಗೆ ಲಾರಿ ಬಂದು ನಿಂತಿತ್ತು. ಚಾಲಕ ಇಳಿದು ಬಂದು, ತುಂಬೋದು ಯಾವಾಗ ಎಂದು ಕೇಳಿದ. ಇವತ್ತು ತುಂಬೋದಿಲ್ಲ, ಅಂಗಡಿಗಳಿಂದ ಮಾಲು ವಾಪಸ್ ತರೋಕೆ ಯಾವಾಗ ಕರೀತಾರೋ ನೋಡ್ತಾ ಇರು ಎಂದು ಉಗ್ರಾಣದವರು ಹೇಳಿ ಕಳಿಸಿದರು. ನಾನು ಎಪ್ಪತ್ತನೆಯ ಚೀಟಿಗೆ ಸಹಿ ಹಾಕಿದೆ.